ಪರೇಲಿನ ಬೆಳ್ಳಿತೆರೆಯೂ ನಮ್ಮವರ ಮುಖವೂ

ಪರೇಲಿನ ರಾಜಕಮಲ್ ಕಲಾಮಂದಿರದ ಹೆಬ್ಬಾಗಿಲನ್ನು ನಮ್ಮ ಹೋಟೇಲು ಬಂಧುಗಳಲ್ಲಿ ಅರಿಯದವರು ವಿರಳ. ಚಹದ ಕೆಟಲು ಹಿಡಿದು ಒಳಹೊಕ್ಕು, ದೀಪಗಳ ಝಗಮಗವನ್ನು ಕಂಡು, ಖಾಲಿ ಕಪ್ಪುಗಳೊಡನೆ ಮರಳಿದ ಹಿರಿಯರು ಅನೇಕರಿದ್ದರು. ಆದರೆ ಆ ಗೋಡೆಗಳೊಳಗೆ ಸಿದ್ಧವಾದ ಚಿತ್ರಗಳು ನಮ್ಮ ದೇಶದ ಹೆಸರನ್ನು ಹೊರಗೆ ಹೇಗೆ ಬೆಳಗಿಸಿದವು, ಈ ಊರಿನ ಇತರ ಚಿತ್ರಗಳು ನಮ್ಮವರನ್ನು ಹೇಗೆ ನಗೆಪಾಟಲಿಗೆ ಈಡುಮಾಡಿದವು ಎಂಬುದನ್ನು ನಾವು ಕುಳಿತು ವಿಚಾರಿಸಿದ್ದು ಕಡಿಮೆ.

ಈ ಸ್ಥಳದಲ್ಲಿ ಮೊದಲು ವಾಡಿಯಾ ಮೂವಿಟೋನ್ ಸಂಸ್ಥೆಯಿತ್ತು. 1935ರ ‘ಹಂಟರ್‌ವಾಲಿ’ ಆ ಸಂಸ್ಥೆಯ ಚಿತ್ರ. 1942ರಲ್ಲಿ ವ್ಹಿ. ಶಾಂತಾರಾಮರು ಇಲ್ಲಿ ರಾಜಕಮಲ್ ಸಂಸ್ಥೆಯನ್ನು ಕಟ್ಟಿದರು. ಕೊಲ್ಲಾಪುರದವರಾದ ಅವರು ಎಳೆಯ ವಯಸ್ಸಿನಲ್ಲಿ ನಮ್ಮ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಅಲ್ಲಿಯದೇ ತಗಡಿನ ಚಿತ್ರಮಂದಿರವೊಂದರಲ್ಲಿ ಸಣ್ಣ ಚಾಕರಿ ಮಾಡಿದವರೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯತಕ್ಕ ಸಂಗತಿ. ಬಾಗಿಲು ಕಾಯುವ ಹುಡುಗನೇ ಮುಂದೆ ಬಾಗಿಲಿನ ಒಡೆಯನಾಗಬಲ್ಲನೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

1946ರಲ್ಲಿ ಇಲ್ಲಿಂದ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ ಹೊರಬಂದಿತು. ದ್ವಾರಕಾನಾಥ ಕೋಟ್ನಿಸರು ಕನ್ನಡ ನುಡಿ ಇಂದಿಗೂ ಕೇಳಿಬರುವ ಸೊಲ್ಲಾಪುರದವರು. ವೈದ್ಯವಿದ್ಯೆ ಕಲಿತದ್ದು ಇದೇ ಪರೇಲಿನ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ. 1938ರಲ್ಲಿ ಚೀನಕ್ಕೆ ತೆರಳಿದ ಐವರು ಭಾರತೀಯ ವೈದ್ಯರಲ್ಲಿ ಅವರೊಬ್ಬರು. ಗಾಯಾಳುಗಳ ಸೇವೆ ಮಾಡುತ್ತಲೇ 1942ರ ಡಿಸೆಂಬರಿನಲ್ಲಿ, ತಮ್ಮ 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅವರ ಪಾತ್ರವನ್ನು ಶಾಂತಾರಾಮರೇ ವಹಿಸಿದರು. ಇನ್ನೂ ಸ್ವತಂತ್ರವಾಗದ ದೇಶವೊಂದು ಪರರ ನೋವಿಗೆ ಮಿಡಿಯಬಲ್ಲದೆಂದು ಆ ಚಿತ್ರ ಸಾರಿತು. 1962ರ ಯುದ್ಧದ ಕಹಿಯೂ ಕೋಟ್ನಿಸರ ಹೆಸರನ್ನು ಚೀನದಲ್ಲಿ ಅಳಿಸಲಾರದೆ ಹೋಯಿತು.

1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರವೂ ಹಾಗೆಯೇ. ಔಂಧ ಸಂಸ್ಥಾನದ ತೆರೆದ ಬಂದೀಖಾನೆಯ ಪ್ರಯೋಗ ಅದಕ್ಕೆ ಮೂಲ. ಆರು ಮಂದಿ ಕೊಲೆಗಾರರನ್ನು ನಂಬಿಕೆಯಿಂದ ತಿದ್ದುವ ಅಧಿಕಾರಿಯ ಆ ಕಥೆಗೆ 1958ರ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿಯ ಕರಡಿ ದೊರೆಯಿತು. ಕೈದಿಗಳನ್ನು ತೋರಿಸಿಯೂ ದೇಶದ ಮಾನ ಕುಂದಲಿಲ್ಲ. ಏಕೆಂದರೆ ಅವರನ್ನು ಮನುಷ್ಯರೆಂದು ತೋರಿಸಲಾಗಿತ್ತು.

ಇನ್ನು ನಾಣ್ಯದ ಮತ್ತೊಂದು ಮುಖ. ಹಿಂದೀ ಚಿತ್ರಗಳಲ್ಲಿ ವಿಂಧ್ಯದಿಂದ ಕೆಳಗಿನವರೆಲ್ಲರೂ ಬಹುಕಾಲ ‘ಮದ್ರಾಸಿ’ಗಳು. 1968ರ ‘ಪಡೋಸನ್’ನಲ್ಲಿ ಮೆಹಮೂದರು ಆಡಿದ ಸಂಗೀತ ಮಾಸ್ತರನನ್ನು ಕಂಡು ನಾವೂ ಹೊಟ್ಟೆ ಹುಣ್ಣಾಗುವಂತೆ ನಕ್ಕವರೇ. ಆದರೆ ಅದೇ ದಶಕದಲ್ಲಿ, 1960ರಲ್ಲಿ ಆರಂಭವಾದ ‘ಮಾರ್ಮಿಕ್’ ವಾರಪತ್ರಿಕೆಯು ಕಛೇರಿಗಳಲ್ಲಿರುವ ದಕ್ಷಿಣದವರ ಹೆಸರುಗಳನ್ನು ಪಟ್ಟಿಮಾಡಿ ಪ್ರಕಟಿಸುತ್ತಿತ್ತು. ಉಡುಪಿ ಹೋಟೇಲುಗಳ ಗಾಜುಗಳಿಗೆ ಕಲ್ಲು ಬಿದ್ದುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಕಲ್ಲೆಸೆದವನಿಗೆ ಗಲ್ಲೆಯ ಹಿಂದಿದ್ದವನ ಹೆಸರು ತಿಳಿದಿರಲಿಲ್ಲ. ಪಟ್ಟಿಯೂ ಪರದೆಯೂ ಕಲಿಸಿದ ಒಂದು ಅಚ್ಚು ಮಾತ್ರ ಅವನ ಕಣ್ಣ ಮುಂದಿತ್ತು.

ಪರರನ್ನು ದೂರಿ ನಮ್ಮ ತಪ್ಪನ್ನು ಮರೆಮಾಚಲಾರೆವು. ನಾವು ಹೋಟೇಲು ನಡೆಸುತ್ತಿದ್ದ ಕಾಲದಲ್ಲಿ ಚಿತ್ರತಂಡವೊಂದು ಎರಡು ದಿನಗಳ ಮಟ್ಟಿಗೆ ಸ್ಥಳವನ್ನು ಬಾಡಿಗೆಗೆ ಬೇಡಿತು. ಹಣ ಒಳ್ಳೆಯದಿತ್ತು, ಒಪ್ಪಿದೆವು. ಚಿತ್ರೀಕರಣದ ದಿನ ನಮ್ಮ ಮಾಣಿಗಳ ಒಗೆದ ಬಿಳಿಯ ಅಂಗಿಗಳನ್ನು ಕಳಚಿಸಿ, ಹರಿದ ಬನಿಯನುಗಳನ್ನು ತೊಡಿಸಿದರು. ಉಜ್ಜಿ ತೊಳೆದ ಮೇಜಿನ ಮೇಲೆ ಬೇಕೆಂದೇ ಎಂಜಲು ಚೆಲ್ಲಿದರು. ನಾವು ಮೌನವಾಗಿದ್ದೆವು. ಕೆಲ ತಿಂಗಳ ಬಳಿಕ ಕುಂದಾಪುರದ ಕಡೆಯ ನಮ್ಮ ಹುಡುಗನೊಬ್ಬನ ತಾಯಿ ಆ ದೃಶ್ಯವನ್ನು ದೂರದರ್ಶನದಲ್ಲಿ ನೋಡಿ, ‘ನೀನು ಇಂಥ ಕೊಳಕಿನಲ್ಲಿ ಬದುಕುತ್ತೀಯಾ ಮಗಾ?’ ಎಂದು ದೂರವಾಣಿಯಲ್ಲಿ ಅತ್ತಳಂತೆ. ಹುಡುಗ ನಮಗೇನೂ ಅನ್ನಲಿಲ್ಲ. ಮುಂದಿನ ತಿಂಗಳು ಲೆಕ್ಕ ತೀರಿಸಿಕೊಂಡು ಊರಿಗೆ ಹೊರಟುಹೋದ. ಬಾಡಿಗೆಯ ಹಣ ನಮ್ಮ ಪೆಟ್ಟಿಗೆಯಲ್ಲಿತ್ತು, ಅವಮಾನ ಅವನ ಪಾಲಿಗೆ ಬಂದಿತ್ತು.

ಹಾಗೆಂದು ಬಡತನವನ್ನು ತೋರಿಸಲೇಬಾರದೆಂದು ನಾವು ಹೇಳುವವರಲ್ಲ. 1980ರಲ್ಲಿ ನಟಿ ನರ್ಗೀಸರು ರಾಜ್ಯಸಭೆಯಲ್ಲಿ, ಸತ್ಯಜಿತ್ ರಾಯರು ಭಾರತದ ಬಡತನವನ್ನು ರಫ್ತು ಮಾಡುತ್ತಾರೆಂದು ಆಕ್ಷೇಪಿಸಿದ್ದರು. ಅದು ನಮಗೆ ಒಪ್ಪಿತವಲ್ಲ. ರಾಯರು ಬಡವರಿಗೆ ಮುಖ ಕೊಟ್ಟರು, ಮನಸ್ಸನ್ನೂ ಕೊಟ್ಟರು. ಇದೇ ಮುಂಬಯಿಯ ಕಥೆಯಾದ 2008ರ ‘ಸ್ಲಮ್‌ಡಾಗ್ ಮಿಲಿಯನೇರ್’ 8 ಆಸ್ಕರ್ ಪ್ರಶಸ್ತಿಗಳನ್ನು ಗೆದ್ದಾಗ, ಕೊಳೆಗೇರಿಯವರನ್ನು ನಾಯಿಗಳೆನ್ನುವುದೇ ಎಂದು ಆ ಹೆಸರನ್ನೇ ಹಲವರು ಪ್ರತಿಭಟಿಸಿದರು. ಅದರಲ್ಲಿ ನಟಿಸಿದ್ದ ಬಾಂದ್ರದ ಬಾಲಕನೊಬ್ಬನ ಗುಡಿಸಲು 2009ರಲ್ಲಿ ನೆಲಸಮವಾಯಿತು. ಜಗತ್ತು ಚಪ್ಪಾಳೆ ತಟ್ಟಿದ ಮನೆಗೆ ಊರಿನಲ್ಲಿ ನೆಲೆಯಿರಲಿಲ್ಲ. ದೇಶದ ಮಾನ ಯಾವುದರಿಂದ ಹೋಯಿತು? ಚಿತ್ರದಿಂದಲೋ, ಆ ಗುಡಿಸಲು ಬಿದ್ದುದರಿಂದಲೋ? ವಾಚಕರೇ ನಿರ್ಣಯಿಸಲಿ.

ನಮ್ಮ ಹೋಟೇಲು ಮಾಲಿಕ ಮಿತ್ರರಿಗೆ ಒಂದು ವಿನಂತಿ. ಚಿತ್ರತಂಡ ಬಾಗಿಲಿಗೆ ಬಂದರೆ ಬಾಡಿಗೆಯೊಂದನ್ನೇ ಕೇಳಬೇಡಿ. ಕಥೆ ಏನು, ನಮ್ಮ ಜನರನ್ನು ಯಾವ ವೇಷದಲ್ಲಿ ತೋರಿಸುವಿರಿ, ಅವರ ಎರಡು ದಿನಗಳ ಸಂಬಳವನ್ನು ಯಾರು ಕೊಡುವರು ಎಂದು ಕೇಳಿ ಕಾಗದದಲ್ಲಿ ಬರೆಯಿಸಿಕೊಳ್ಳಿ. ಕೆಲಸಗಾರ ಬಂಧುಗಳೇ, ಒಲ್ಲದ ವೇಷವನ್ನು ಒಲ್ಲೆನೆನ್ನಲು ಅಂಜಬೇಡಿ. ತೆರೆಯ ಮೇಲೆ ಮೂಡುವ ಮುಖ ನಿಮ್ಮದು. ಅದನ್ನು ಊರಿನಲ್ಲಿ ಕುಳಿತು ನೋಡುವವಳು ನಿಮ್ಮ ತಾಯಿ.