ನಾಯಿಮರಿಯ ಪಾಲನೆ ಮತ್ತು ತರಬೇತಿ

ನಾಯಿಮರಿಯ ಪಾಲನೆ ಎಂದರೆ ತಾಯಿಯಿಂದ ಬೇರ್ಪಟ್ಟ ಮರಿಯನ್ನು ಹೊಸ ಮನೆಗೆ ಒಗ್ಗಿಸಿ, ಮನುಷ್ಯರೊಡನೆ ಬಾಳುವ ಶಿಸ್ತನ್ನು ಕಲಿಸುವ ಕ್ರಮ. ಮರಿಯು ಕನಿಷ್ಠ 8 ವಾರ ತಾಯಿ ಹಾಗೂ ಒಡಹುಟ್ಟಿದ ಮರಿಗಳೊಡನೆ ಇರಬೇಕು. ಮೆಲ್ಲಗೆ ಕಚ್ಚಬೇಕೆಂಬುದನ್ನು ಅದು ಅವುಗಳೊಡನೆ ಆಡುತ್ತಲೇ ಕಲಿಯುತ್ತದೆ. ಭಾರತದಲ್ಲಿ 2017ರ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ತಳಿಗಾರರು ಮಾರುವಂತಿಲ್ಲ.

ಸಾಮಾಜೀಕರಣದ ಅವಧಿ

ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಮಾರು 3ರಿಂದ 12 ವಾರಗಳ ವಯಸ್ಸನ್ನು ಸಾಮಾಜಿಕ ಸಂಬಂಧಗಳು ಬೇರೂರುವ ಕಾಲವೆಂದು ಗುರುತಿಸಿದರು. ಈ ಅವಧಿಯಲ್ಲಿ ಹೊಸ ಜನರ, ಸದ್ದುಗಳ ಪರಿಚಯವಿಲ್ಲದೆ ಬೆಳೆದ ಮರಿ ಮುಂದೆ ಅಂಜುಬುರುಕವಾಗಬಹುದು. ಅಂಜಿದ ನಾಯಿ ಕಚ್ಚುವ ಸಂಭವವೂ ಹೆಚ್ಚು. ಆದರೆ ಪಾರ್ವೊ, ಡಿಸ್ಟೆಂಪರ್ ರೋಗಗಳ ವಿರುದ್ಧದ ಲಸಿಕೆಗಳ ಸರಣಿ ಮುಗಿಯಲು ಸುಮಾರು 16 ವಾರಗಳಾಗುತ್ತವೆ. ಆದುದರಿಂದ ಅಲ್ಲಿಯವರೆಗೆ ಮರಿಯನ್ನು ಮನೆಯೊಳಗೇ ಕೂಡಿಹಾಕದೆ, ಎತ್ತಿಕೊಂಡು ಬೀದಿಯನ್ನು ತೋರಿಸುವುದು, ಲಸಿಕೆ ಪಡೆದ ಆರೋಗ್ಯವಂತ ನಾಯಿಗಳೊಡನೆ ಮಾತ್ರ ಬೆರೆಯಲು ಬಿಡುವುದು ಸೂಕ್ತ. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ 3 ತಿಂಗಳ ವಯಸ್ಸಿನಲ್ಲಿ ಹಾಕಿಸಲಾಗುತ್ತದೆ.

ಮನೆಯ ಶಿಸ್ತು

ನಿದ್ರೆಯಿಂದ ಎದ್ದೊಡನೆ, ಉಂಡ ನಂತರ ಹಾಗೂ ಆಟವಾಡಿದ ಮೇಲೆ ಮರಿಯನ್ನು ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಅಲ್ಲಿ ಮಲಮೂತ್ರ ವಿಸರ್ಜಿಸಿದ ಕೂಡಲೇ ಮೆಚ್ಚುಗೆಯ ಮಾತು ಅಥವಾ ಚೂರು ತಿನಿಸು ನೀಡಿದರೆ ರೂಢಿ ಬೇಗ ನೆಲೆಗೊಳ್ಳುತ್ತದೆ. ಮನೆಯೊಳಗೆ ಗಲೀಜು ಮಾಡಿ ಹೊತ್ತಾದ ಮೇಲೆ ಹೊಡೆದರೆ ಮರಿಗೆ ಕಾರಣ ತಿಳಿಯದು, ಭಯವಷ್ಟೇ ಉಳಿಯುತ್ತದೆ. ಈರುಳ್ಳಿ, ದ್ರಾಕ್ಷಿ ಮತ್ತು ಚಾಕೊಲೇಟ್ ನಾಯಿಗಳಿಗೆ ವಿಷಕಾರಿಯಾದುದರಿಂದ ಅವುಗಳನ್ನು ಮರಿಗೆ ಎಟುಕದಂತೆ ಇಡಬೇಕು.