ಕಬ್ಬಿಣದ ಹಾಸುಹೊಕ್ಕು

ಮೈಸೂರಿನ ದಟ್ಟಗಳ್ಳಿಯ ಯಾವುದೇ ಮನೆಯ ತಾರಸಿಯ ಮೇಲೆ ಅಂಗೈ ಚಾಚಿ ನಿಂತರೆ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಮ್ಯೂಆನ್ ಎಂಬ ಕಣ ಅದನ್ನು ತೂರಿಕೊಂಡು ಹೋಗುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣ ಇದು. ನಮಗೆ ಇದರ ಅರಿವೇ ಆಗುವುದಿಲ್ಲ. ಆದರೆ ವರ್ಷದಲ್ಲಿ ನಾಲ್ಕೆಂಟು ಬಾರಿ ಆದರೆ ಆಯಿತು, ಇಲ್ಲವಾದರೆ ಇಲ್ಲ ಎನ್ನುವಂಥ ಒಂದು ಘಟನೆಯನ್ನು ಹಿಡಿಯಹೊರಟವರಿಗೆ ಈ ಕಣಗಳ ಮಳೆ ಸಂತೆಯ ಗದ್ದಲವಿದ್ದಂತೆ. ಆ ಗದ್ದಲ ನಿಲ್ಲುವ ಜಾಗ ಹುಡುಕಿಕೊಂಡು ಅವರು ಕೋಲಾರದ ಚಿನ್ನದ ಗಣಿಗೆ ಇಳಿದರು.

ಅವರು ಹುಡುಕುತ್ತಿದ್ದುದು ಪ್ರೋಟಾನಿನ ಸಾವನ್ನು. ಪ್ರತಿ ಪರಮಾಣುವಿನ ನಡುವೆಯೂ ಇರುವ ಪ್ರೋಟಾನ್ ಅಳಿಯದ ಕಣವೆಂದೇ ಬಹುಕಾಲ ನಂಬಲಾಗಿತ್ತು. 1970ರ ದಶಕದ ಮೊದಲ ಭಾಗದಲ್ಲಿ ಒಡಿಶಾ ಮೂಲದ ಜೋಗೇಶ್ ಪತಿ ಮತ್ತು ಅಬ್ದುಸ್ ಸಲಾಂ, ಹಾಗೆಯೇ ಜಾರ್ಜಿ ಮತ್ತು ಗ್ಲಾಶೋ, ಬೇರೆಬೇರೆಯಾಗಿ ಕಾಣುವ ಬಲಗಳನ್ನು ಒಂದೇ ಮೂಲಕ್ಕೆ ತರುವ ಸಿದ್ಧಾಂತಗಳನ್ನು ಮುಂದಿಟ್ಟರು. ಇವುಗಳಿಗೆ ಮಹಾಏಕೀಕರಣ ಸಿದ್ಧಾಂತಗಳೆಂದು ಹೆಸರು. ಅವು ನಿಜವಾದರೆ, ಈವರೆಗೆ ಯಾರೂ ಕಾಣದ ಅತಿ ದುರ್ಬಲವಾದ ಒಂದು ಬಲ ಇರಬೇಕು. ಅದರಿಂದ ಎಂದಾದರೊಮ್ಮೆ ಪ್ರೋಟಾನ್ ಒಡೆಯಬೇಕು. ಪ್ರೋಟಾನಿನ ಶಾಶ್ವತತೆಗೆ ಇನ್ನೊಂದು ಕಡೆಯಿಂದಲೂ ಪ್ರಶ್ನೆ ಎದ್ದಿತ್ತು. ಕಪ್ಪುಕುಳಿಗೆ ಬಿದ್ದ ವಸ್ತುವಿನ ದ್ರವ್ಯರಾಶಿ, ವಿದ್ಯುದಂಶ, ತಿರುಗುವಿಕೆ ಮಾತ್ರ ಹೊರಗಿನವರಿಗೆ ತಿಳಿಯುತ್ತವೆ. ಎಷ್ಟು ಪ್ರೋಟಾನ್ ಬಿದ್ದವೆಂಬ ಲೆಕ್ಕ ಹೊರಗೆ ಸಿಗುವುದಿಲ್ಲ. ಕಪ್ಪುಕುಳಿಯ ಒಡಲನ್ನು ನೋಡಿ ಬರಲಾಗದು. ಆದರೆ ಕಬ್ಬಿಣದ ರಾಶಿಯೊಂದರಲ್ಲಿ ಪ್ರೋಟಾನ್ ಒಡೆಯುವುದನ್ನು ಕಾಯಬಹುದು.

ಕಾಯಬೇಕಾದ ಕಾಲ ಮಾತ್ರ ಭಯಂಕರ. ಪ್ರೋಟಾನಿನ ಆಯುಷ್ಯ ಒಂದರ ಮುಂದೆ 31 ಸೊನ್ನೆ ಇಟ್ಟಷ್ಟು ವರ್ಷ ಇರಬಹುದೆಂಬುದು ಅಂದಿನ ಅಂದಾಜುಗಳಲ್ಲೊಂದು. ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ. ಇದಕ್ಕೊಂದು ಉಪಾಯವಿದೆ: ಒಂದು ಪ್ರೋಟಾನನ್ನು ಅಷ್ಟು ಕಾಲ ಕಾಯುವ ಬದಲು ಅಷ್ಟು ಕಣಗಳನ್ನು ಒಂದು ವರ್ಷ ಕಾಯುವುದು. ಕೋಲಾರದ ಉಪಕರಣದ 140 ಟನ್ ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿ ಎಂಟರ ಮುಂದೆ 31 ಸೊನ್ನೆಯಷ್ಟು ಕಣಗಳಿರುತ್ತವೆ. ಅಂದಾಜು ಸರಿಯಿದ್ದರೆ ವರ್ಷಕ್ಕೆ ಎಂಟರಷ್ಟು ಸಾವುಗಳು.

ಈ ಗಣಿಗೆ ವಿಶ್ವಕಿರಣದ ಪ್ರಯೋಗಗಳು ಹೊಸದಾಗಿರಲಿಲ್ಲ. 1950ರ ದಶಕದ ಆರಂಭದಲ್ಲೇ ಹೋಮಿ ಭಾಭಾ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಿ.ವಿ. ಶ್ರೀಕಂಠನ್ ಅವರನ್ನು ಇಲ್ಲಿಗೆ ಕಳಿಸಿದ್ದರು. ಶ್ರೀಕಂಠನ್ 1925ರಲ್ಲಿ ಹುಟ್ಟಿದ್ದು ಮೈಸೂರಿಗೆ ಹತ್ತಿರದ ನಂಜನಗೂಡಿನಲ್ಲಿ. 1965ರಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಗುರುತನ್ನು ಇಲ್ಲಿಯೇ ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು. ಆ ಅನುಭವದ ಮೇಲೆ, ಜಪಾನಿನವರ ಜೊತೆಗೂಡಿ, ಪ್ರೋಟಾನ್ ಕ್ಷಯದ ಉಪಕರಣ ಕಟ್ಟಿದ್ದು 1980ರಲ್ಲಿ.

ಜಾಗ ನೆಲದಿಂದ 2.3 ಕಿಲೋಮೀಟರ್ ಕೆಳಗೆ. ಏಳು ಚಾಮುಂಡಿ ಬೆಟ್ಟಗಳನ್ನು ಒಂದರ ಮೇಲೊಂದು ಪೇರಿಸಿದರೂ ಆ ಆಳ ತುಂಬಲಿಕ್ಕಿಲ್ಲ. ಆ ಬಂಡೆಯೇ ಇಲ್ಲಿ ಜರಡಿ. ಉಪಕರಣದಷ್ಟೇ ಅಗಲದ ಜಾಗಕ್ಕೆ ನೆಲದ ಮೇಲೆ ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮ್ಯೂಆನ್‌ಗಳು ಬಿದ್ದರೆ, ಅಷ್ಟು ಆಳಕ್ಕೆ ತಲುಪುವುದು ದಿನಕ್ಕೆ ಸುಮಾರು ಎರಡು.

ಆಳಕ್ಕೆ ಹೋದಷ್ಟೂ ಬಂಡೆ ಬಿಸಿ. ಒತ್ತಡಕ್ಕೆ ಅದು ಸಿಡಿಯುವುದೂ ಉಂಟು. ತಗಡು, ಕೊಳವೆ, ತಂತಿ ಎಲ್ಲವೂ ಗಣಿಯ ಶಾಫ್ಟಿನಲ್ಲೇ ಇಳಿದು, ಸುರಂಗದಲ್ಲಿ ಸಾಗಿ, ಅಲ್ಲಿಯೇ ಜೋಡಣೆಯಾಗಬೇಕಿತ್ತು.

ಕಟ್ಟುವ ಕ್ರಮ ಮಗ್ಗದ ಕೆಲಸವನ್ನು ನೆನಪಿಸುತ್ತದೆ. ಮೊದಲು 1.2 ಸೆಂಟಿಮೀಟರ್ ದಪ್ಪದ ಕಬ್ಬಿಣದ ತಗಡುಗಳ ಹಾಸು. ಅದರ ಮೇಲೆ ಹತ್ತು ಸೆಂಟಿಮೀಟರ್ ಚೌಕದ ಉದ್ದನೆಯ ಕೊಳವೆಗಳ ಸಾಲು. ಮತ್ತೆ ತಗಡು, ಅದರ ಮೇಲೆ ಮೊದಲಿನದಕ್ಕೆ ಅಡ್ಡಲಾಗಿ ಇನ್ನೊಂದು ಸಾಲು. ಹೀಗೆ 34 ಸಾಲು, ಸುಮಾರು 1600 ಕೊಳವೆ. ಕಣ ಹಾದ ಜಾಗವನ್ನು ಒಂದು ಸಾಲು ಉದ್ದಕ್ಕೆ ಹೇಳಿದರೆ ಮುಂದಿನದು ಅಡ್ಡಕ್ಕೆ ಹೇಳುತ್ತದೆ. ಎರಡನ್ನೂ ಕೂಡಿಸಿದರೆ ಕಣದ ಹಾದಿ ಬಿಡಿಸಿದ ರಂಗೋಲಿಯ ಎಳೆಯಂತೆ ಮೂಡುತ್ತದೆ.

ಒಂದೊಂದು ಕೊಳವೆಯೂ ಒಂದು ಪ್ರೊಪೋರ್ಷನಲ್ ಕೌಂಟರ್. ಒಳಗೆ ಅನಿಲ ತುಂಬಿರುತ್ತದೆ. ನಟ್ಟನಡುವೆ ತೆಳುವಾದ ತಂತಿಯೊಂದನ್ನು ಬಿಗಿದು ಹೆಚ್ಚಿನ ವೋಲ್ಟೇಜ್ ಕೊಟ್ಟಿರುತ್ತಾರೆ. ವಿದ್ಯುದಂಶವುಳ್ಳ ಕಣ ಹಾದುಹೋದಾಗ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತುಬರುತ್ತವೆ. ಅವು ತಂತಿಯ ಕಡೆ ಓಡುತ್ತ ದಾರಿಯಲ್ಲಿ ಇನ್ನಷ್ಟು ಎಲೆಕ್ಟ್ರಾನ್‌ಗಳನ್ನು ಕಿತ್ತು, ತಂತಿ ಮುಟ್ಟುವಾಗ ಅಳೆಯಬಲ್ಲ ಮಿಡಿತವಾಗುತ್ತವೆ. ಕಣ ಬಿಟ್ಟುಹೋದ ಶಕ್ತಿ ಎಷ್ಟೋ ಮಿಡಿತವೂ ಅದಕ್ಕೆ ತಕ್ಕಷ್ಟು. ಹೆಸರು ಬಂದದ್ದು ಅದರಿಂದಲೇ. ಅನಿಲ ಕೆಟ್ಟರೆ ಅಥವಾ ತಂತಿ ನಡುವಿನಿಂದ ಸರಿದರೆ ಅಳತೆ ತಪ್ಪುತ್ತದೆ. 1600 ಕೊಳವೆಗಳನ್ನೂ ವರ್ಷಗಟ್ಟಲೆ ಒಂದೇ ಹದದಲ್ಲಿ ಇಟ್ಟುಕೊಳ್ಳುವುದೇ ಇಲ್ಲಿನ ನಿತ್ಯದ ದುಡಿಮೆಯಾಗಿತ್ತು.

ಮುಂದಿನದು ಆರಿಸುವ ಕೆಲಸ. ಮೇಲಿನಿಂದ ಬಂದು ಆಚೆಗೆ ಹೋದ ಗೆರೆ ಮ್ಯೂಆನಿನದು, ಅದನ್ನು ಬಿಡಬೇಕು. ಪ್ರೋಟಾನ್ ಸತ್ತಿದ್ದರೆ ಗೆರೆಗಳು ಕಬ್ಬಿಣದ ಒಳಗೇ ಒಂದು ಬಿಂದುವಿನಲ್ಲಿ ಹುಟ್ಟಿ, ಹೆಚ್ಚುಕಡಿಮೆ ಎದುರುಬದುರಾಗಿ ಸಾಗಿ, ಒಳಗೇ ಮುಗಿಯಬೇಕು. ಒಟ್ಟು ಶಕ್ತಿ ಒಂದು ಪ್ರೋಟಾನಿನ ದ್ರವ್ಯರಾಶಿಗೆ ಹೊಂದಬೇಕು. ಯಾವ ಬಂಡೆಯೂ ತಡೆಯಲಾರದ ನ್ಯೂಟ್ರಿನೊ ಒಳಗೆ ಡಿಕ್ಕಿ ಹೊಡೆದು ಇಂಥದ್ದೇ ವೇಷ ಹಾಕಬಲ್ಲದು. ಅದನ್ನು ಬೇರ್ಪಡಿಸುವುದೇ ಎಲ್ಲಕ್ಕಿಂತ ಕಷ್ಟ.

ಕೋಲಾರದ ತಂಡ ಪ್ರೋಟಾನ್ ಕ್ಷಯವಿರಬಹುದಾದ ಕೆಲವು ಘಟನೆಗಳನ್ನು ಜಗತ್ತಿನ ಮುಂದಿಟ್ಟಿತು. ಅಮೆರಿಕದ ಉಪ್ಪಿನ ಗಣಿಯಲ್ಲೂ ಜಪಾನಿನ ಕಮಿಯೋಕಾದಲ್ಲೂ ಸಾವಿರಾರು ಟನ್ ನೀರು ತುಂಬಿ ಕಾದವರಿಗೆ ಅದಕ್ಕೆ ಬೆಂಬಲ ಸಿಗಲಿಲ್ಲ. ಕೋಲಾರದವರು ಎರಡನೆಯ, ಇನ್ನೂ ದೊಡ್ಡ ಉಪಕರಣವನ್ನೂ ಕಟ್ಟಿ ಕಾದರು. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು. 2001ರಲ್ಲಿ ಗಣಿಯೇ ಮುಚ್ಚಿತು.

ಇಂದು ಜಪಾನಿನ ಸೂಪರ್ ಕಮಿಯೋಕಾಂಡೆಯಲ್ಲಿ 50,000 ಟನ್ ನೀರು ಅದೇ ಕಾಯುವಿಕೆಯನ್ನು ಮುಂದುವರಿಸಿದೆ. ಪ್ರೋಟಾನ್ ಒಡೆಯುವ ಮುಖ್ಯ ದಾರಿಯೊಂದಕ್ಕೆ ಅಲ್ಲಿ ಸಿಕ್ಕಿರುವ ಮಿತಿ, ಒಂದರ ಮುಂದೆ 34 ಸೊನ್ನೆ ಇಟ್ಟಷ್ಟು ವರ್ಷಗಳಿಗೂ ಹೆಚ್ಚು. ಅತಿ ಸರಳವಾದ ಮಹಾಏಕೀಕರಣ ಸಿದ್ಧಾಂತ ಈ ಮಿತಿಗಳ ಮುಂದೆ ಬಿದ್ದುಹೋಯಿತು. ಪ್ರೋಟಾನ್ ಸಾಯುವುದನ್ನು ಇಂದಿನವರೆಗೆ ಯಾರೂ ಖಚಿತವಾಗಿ ಕಂಡಿಲ್ಲ.