ಮಗುವಿನ ಮೆದುಳಿನ ಗಡ್ಡೆ: ‘ಕರೆಂಟ್’ ಚಿಕಿತ್ಸೆಗೆ ಹೆದರಬೇಕೆ?

ಬೆಳಗ್ಗೆ ಎದ್ದ ಕೂಡಲೇ ತಲೆನೋವು, ಒಂದು ಸಲ ವಾಂತಿ. ಆಮೇಲೆ ಮಗು ಎಂದಿನಂತೆ ಆಡುತ್ತದೆ. ಪಿತ್ತವೆಂದೋ ನಜರ್ ತಾಗಿದೆಯೆಂದೋ ಮನೆಯವರು ವಾರಗಟ್ಟಲೆ ಕಾಯುತ್ತಾರೆ. ದುವಾ ಮಾಡಿ, ಬೇಡವೆನ್ನುವವರಾರು? ಆದರೆ ವಾಂತಿ ನಿಲ್ಲದಿದ್ದರೆ, ಮಗು ನಡೆಯುವಾಗ ತೂರಾಡಿದರೆ, ಹೊಸದಾಗಿ ಮೆಳ್ಳಗಣ್ಣು ಬಂದರೆ, ಗಂಗಾವತಿಯಲ್ಲಾಗಲಿ ಕೊಪ್ಪಳದಲ್ಲಾಗಲಿ ಮಕ್ಕಳ ವೈದ್ಯರಿಗೆ ಕೂಡಲೇ ತೋರಿಸಿ. ಮೆದುಳಿನಲ್ಲಿ ಗಡ್ಡೆಯಾದಾಗಲೂ ಹೀಗೆಯೇ ಆಗುತ್ತದೆ.

ಮಕ್ಕಳ ಹಿಮ್ಮೆದುಳಿನಲ್ಲಿ ಬೆಳೆಯುವ ‘ಮೆಡುಲೋಬ್ಲಾಸ್ಟೋಮಾ’ ಎಂಬ ಗಡ್ಡೆಗೆ ಮೊದಲು ಆಪರೇಷನ್, ನಂತರ ವಿಕಿರಣ ಮತ್ತು ಕಿಮೋ. ವಿಕಿರಣಕ್ಕೆ ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಹೆಸರು ಕೇಳಿಯೇ ಮಗುವನ್ನು ವಾಪಸ್ ಕರೆತರುವವರಿದ್ದಾರೆ. ಅದರಲ್ಲಿ ಕರೆಂಟ್ ಇಲ್ಲವೇ ಇಲ್ಲ. ಅದು ಹೆಚ್ಚು ಶಕ್ತಿಯ ಎಕ್ಸ್‌ರೇ. ಕಿರಣ ಬೀಳುವಾಗ ನೋವಾಗುವುದಿಲ್ಲ. ಚಿಕಿತ್ಸೆ ಮುಗಿಸಿ ಬಂದ ಮಗುವಿನ ಮೈಯಲ್ಲಿ ಕಿರಣ ಉಳಿಯುವುದಿಲ್ಲ, ಗರ್ಭಿಣಿ ತಾಯಿಯೂ ಎತ್ತಿಕೊಳ್ಳಬಹುದು.

ಹೆದರಿಕೆಗೆ ಒಂದು ನಿಜವಾದ ಕಾರಣವೂ ಇದೆ. ಬೆಳೆಯುವ ಮೆದುಳಿಗೆ ಕಿರಣ ತಾಗಿದರೆ ಮುಂದೆ ಕಲಿಕೆ, ಎತ್ತರ, ಹಾರ್ಮೋನುಗಳಿಗೆ ತೊಂದರೆಯಾಗಬಹುದು. ಅದಕ್ಕೇ ಮೂರು ವರ್ಷದೊಳಗಿನವರಿಗೆ ವೈದ್ಯರು ಸಾಧ್ಯವಾದಷ್ಟು ಕಿಮೋ ಕೊಟ್ಟು ವಿಕಿರಣವನ್ನು ಮುಂದೂಡುತ್ತಾರೆ. ಈಚಿನ ಪ್ರಗತಿಯೆಲ್ಲ ಈ ಹಾನಿಯನ್ನು ತಗ್ಗಿಸುವುದರಲ್ಲೇ ಆಗಿದೆ. ಎಂಆರ್‌ಐ, ಸಿಟಿ ಚಿತ್ರಗಳಿಂದ ಗಡ್ಡೆಯ ನಕ್ಷೆ ಮಾಡಿ, ತಲೆ ಅಲುಗದಂತೆ ಮುಖವಾಡ ಹಾಕಿ, ಹಲವು ದಿಕ್ಕುಗಳಿಂದ ಗಡ್ಡೆಯ ಆಕಾರಕ್ಕೇ ಕಿರಣ ಹೊಂದಿಸುತ್ತಾರೆ. ಪ್ರಮಾಣವೂ ಇಳಿದಿದೆ: ಹಿಂದೆ ಇಡೀ ಮೆದುಳು, ಬೆನ್ನುಹುರಿಗೆ 36 ಗ್ರೇ, ಈಗ ರೋಗ ಹರಡದ, ಗಡ್ಡೆ ಬಹುಪಾಲು ತೆಗೆಯಲಾದ ಮಕ್ಕಳಿಗೆ ಕಿಮೋ ಜೊತೆ 23.4 ಗ್ರೇ. ಇನ್ನೂ ಇಳಿಸಿ 18 ಗ್ರೇ ಕೊಟ್ಟು ನೋಡಿದ ಅಮೆರಿಕದ ಅಧ್ಯಯನದಲ್ಲಿ ಫಲಿತಾಂಶ ಕೆಟ್ಟಿತು. ‘ನಾಲ್ಕು ಸಲ ಕಡಿಮೆಯಾದರೇನು’ ಎಂದು ನಾವೇ ಲೆಕ್ಕ ಹಾಕುವಂತಿಲ್ಲ.

ಪ್ರೋಟಾನ್ ಚಿಕಿತ್ಸೆಯ ಬಗ್ಗೆಯೂ ಕೇಳಿರಬಹುದು. ಎಕ್ಸ್‌ರೇ ಮೈ ತೂರಿ ಆಚೆ ಹೋಗುತ್ತದೆ. ಪ್ರೋಟಾನ್ ಗಡ್ಡೆಯ ಬಳಿಯೇ ನಿಲ್ಲುತ್ತದೆ. ಬೆನ್ನಿಗೆ ಕೊಡುವಾಗ ಹೃದಯ, ಕರುಳು ಉಳಿಯುತ್ತವೆ. ಚೆನ್ನೈನ ಅಪೋಲೊದಲ್ಲಿ 2019ರಿಂದ ಇದೆ, ನವಿ ಮುಂಬಯಿಯ ಖಾರ್ಘರ್‌ನ ಟಾಟಾ ಕೇಂದ್ರದಲ್ಲೂ ಇದೆ. ಆದರೆ ಗುಣಪಡಿಸುವುದರಲ್ಲಿ ಇದು ಎಕ್ಸ್‌ರೇಗಿಂತ ಮೇಲೆಂದು ಸಾಬೀತಾಗಿಲ್ಲ, ಅಡ್ಡಪರಿಣಾಮ ಕಡಿಮೆ, ಅಷ್ಟೇ. ಅದಕ್ಕಾಗಿ ಹೊಲ ಮಾರಲು ಓಡಾಡುತ್ತ ದಿನ ಕಳೆಯಬೇಡಿ. ಆಪರೇಷನ್ ಆಗಿ ನಾಲ್ಕರಿಂದ ಆರು ವಾರದೊಳಗೆ ವಿಕಿರಣ ಶುರುವಾಗಬೇಕು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಸಂಸ್ಥೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಕೇಳಿ.

ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ಊರು ಬಿಟ್ಟಿರಬೇಕಾಗುತ್ತದೆ. ಕುಷ್ಟಗಿ, ಯಲಬುರ್ಗಾದ ಕೂಲಿ ಕುಟುಂಬಕ್ಕೆ ಇದೇ ದೊಡ್ಡ ಕಷ್ಟ, ನೆಂಟರೂ ಜಮಾಅತಿನವರೂ ಕೈಹಿಡಿಯಬೇಕಾದದ್ದು ಇಲ್ಲಿಯೇ. ಈದ್‌ಗೆಂದು ಊರಿಗೆ ಬಂದು ನಡುವೆ ತಪ್ಪಿಸಬೇಡಿ. ಬಿಡುವು ಸಿಕ್ಕರೆ ಗಡ್ಡೆಯ ಕೋಶಗಳು ಮತ್ತೆ ಬೆಳೆಯುತ್ತವೆ. ಪುಟ್ಟ ಮಕ್ಕಳಿಗೆ ಅರಿವಳಿಕೆ ಕೊಡುವುದರಿಂದ ಅಂದು ಬೆಳಗ್ಗೆ ಏನೂ ತಿನ್ನಿಸಬಾರದು. ಅಳುತ್ತದೆಂದು ಅಜ್ಜಿ ಮರೆಯಲ್ಲಿ ಬಿಸ್ಕತ್ ಕೊಟ್ಟರೆ ಜೀವಕ್ಕೇ ಅಪಾಯ.

ಎಲ್ಲ ಮುಗಿದ ಮೇಲೂ ಫೈಲ್ ಜೋಪಾನವಾಗಿಡಿ. ಎತ್ತರ, ಹಾರ್ಮೋನು, ಕಿವಿಯ ತಪಾಸಣೆ ವರ್ಷಗಟ್ಟಲೆ ಬೇಕು. ಮಗು ಶಾಲೆಯಲ್ಲಿ ನಿಧಾನವಾದರೆ ಸೋಮಾರಿ ಎಂದು ಗದರದಂತೆ ಮೇಷ್ಟ್ರಿಗೆ ಮೊದಲೇ ತಿಳಿಸಿಡಿ.